ಮುಖ ಮುಚ್ಚಿಕೊಳ್ಳಿ, ಆದರೆ ಕಾರಣ ಹೇಳಿ

2020ರ ಮೇ ತಿಂಗಳು. ಫ್ರಾನ್ಸಿನಲ್ಲಿ ಲಾಕ್‌ಡೌನ್ ಸಡಿಲವಾಗಿ, ಮೆಟ್ರೊ ಹತ್ತಲು ಮಾಸ್ಕ್ ಕಡ್ಡಾಯವಾಯಿತು. ಮೂಗು ಬಾಯಿ ಮುಚ್ಚದವರಿಗೆ 135 ಯೂರೊ ದಂಡ. ಸಾರ್ವಜನಿಕ ಸ್ಥಳದಲ್ಲಿ ಮುಖ ಮುಚ್ಚಿದವರಿಗೆ 150 ಯೂರೊ ತನಕ ದಂಡ ಹಾಕುವ 2010ರ ಕಾನೂನೂ ಪಕ್ಕದಲ್ಲೇ ಹಾಯಾಗಿ ಕೂತಿತ್ತು. ಒಬ್ಬಳು ಮಾಸ್ಕ್ ಹಾಕಿ, ಅದರ ಮೇಲೆ ನಿಖಾಬ್, ಅಂದರೆ ಕೆಲವು ಮುಸ್ಲಿಂ ಹೆಂಗಸರು ಕಣ್ಣಷ್ಟೇ ಬಿಟ್ಟು ಮುಖ ಮುಚ್ಚುವ ಬಟ್ಟೆ, ಕಟ್ಟಿಕೊಂಡಳು ಅನ್ನಿ. ಒಳಗಿನ ಬಟ್ಟೆ ಸತ್ಪ್ರಜೆ, ಹೊರಗಿನದು ಅಪರಾಧಿ. ಮೂಗು ಮಾತ್ರ ಒಂದೇ.

ಕಾನೂನಿನಲ್ಲಿ ಮುಸ್ಲಿಂ ಎಂಬ ಪದವೇ ಇಲ್ಲ, ಪಾಪ. ಯಾರೂ ಮುಖ ಮುಚ್ಚಬಾರದು, ಅಷ್ಟೇ. ಆಮೇಲೆ ವಿನಾಯಿತಿ ಶುರು: ಕಾಯಿಲೆ ಇದ್ದರೆ ಮುಚ್ಚಬಹುದು, ಕೆಲಸಕ್ಕೆ ಬೇಕಿದ್ದರೆ ಮುಚ್ಚಬಹುದು, ಆಟಕ್ಕೆ, ಹಬ್ಬಕ್ಕೆ, ನಾಟಕಕ್ಕೆ ಮುಚ್ಚಬಹುದು. ಬೈಕ್ ಸವಾರರಂತೂ ಹೆಲ್ಮೆಟ್ ಹಾಕಲೇಬೇಕು. ಎಲ್ಲರನ್ನೂ ಜರಡಿ ಹಿಡಿದ ಮೇಲೆ ಉಳಿದವರು ಸರ್ಕಾರದ್ದೇ ಅಂದಾಜಿನಲ್ಲಿ 1,900ರ ಆಸುಪಾಸು ಹೆಂಗಸರು. ಆರು ಕೋಟಿಗೂ ಜಾಸ್ತಿ ಜನ ಇವರನ್ನು ಕಂಡು ಬೆಚ್ಚಿದ್ದರಂತೆ!

ಇದೆಲ್ಲ ಅವರ ಬಿಡುಗಡೆಗೇ ಅಂತೆ. ಬಲವಂತವಾಗಿ ಮುಖ ಮುಚ್ಚಿಸುವವನಿಗೆ ಒಂದು ವರ್ಷ ಜೈಲು, 30,000 ಯೂರೊ ದಂಡ. ಸರಿ, ಒಪ್ಪೋಣ. ಹಾಗಾದರೆ ಬಲವಂತಕ್ಕೆ ಸಿಕ್ಕವಳಿಂದಲೂ ದಂಡ ಯಾಕೆ? ಜೊತೆಗೆ ಪೌರತ್ವದ ಪಾಠಕ್ಕೂ ಕಳಿಸಬಹುದು, ಅವಳು ಫ್ರಾನ್ಸಿನಲ್ಲೇ ಹುಟ್ಟಿದ್ದರೂ. ಇಂಥ ನಿಷೇಧದಿಂದ ಈ ಹೆಂಗಸರು ಮನೆಯೊಳಗೇ ಉಳಿದುಬಿಡಬಹುದು ಎಂದು 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ ಹೇಳಿತು. ಬೀದಿಯಲ್ಲಿ ಬುರ್ಖಾ ಕಾಣಲಿಲ್ಲ ಅಂದರೆ ಸಮಸ್ಯೆ ಮುಗಿಯಿತು ತಾನೇ? ಅವಳು ತರಕಾರಿ ತರೋಕೆ ಹೋಗ್ತಾಳಾ, ಡಾಕ್ಟರ ಹತ್ತಿರ ಹೋಗ್ತಾಳಾ, ಅದು ಅವಳ ತಲೆನೋವು.

ಆಸ್ಟ್ರಿಯಾ 2017ರಲ್ಲಿ ಇದೇ ದಾರಿ ಹಿಡಿಯಿತು. ಮೊದಲ ತಿಂಗಳಲ್ಲೇ ವಿಯೆನ್ನಾ ಪೊಲೀಸರು ಅಂಗಡಿಯೊಂದರ ಜಾಹೀರಾತಿಗೆ ಶಾರ್ಕ್ ವೇಷ ಹಾಕಿದ್ದವನನ್ನು ಹಿಡಿದರು. ಮೀನಿಗೆ 150 ಯೂರೊ ದಂಡ. ಸ್ವಿಟ್ಜರ್ಲೆಂಡ್ 2021ರಲ್ಲಿ ಇಡೀ ದೇಶಕ್ಕೇ ಮತ ಹಾಕಿಸಿತು. ಶೇ. 51.2 ಜನ ನಿಷೇಧ ಬೇಕು ಎಂದರು. ಅಲ್ಲಿ ನಿಖಾಬ್ ಹಾಕುವವರು ಹೆಚ್ಚೆಂದರೆ ಕೆಲವು ಡಜನ್, ಒಂದು ಬಸ್ಸಿನಲ್ಲಿ ಕೂರಿಸಬಹುದು. ಕಾರ್ನಿವಲ್ ಮುಖವಾಡಕ್ಕೆ ಮಾತ್ರ ಪೂರ್ತಿ ವಿನಾಯಿತಿ. ಅದು ಸಂಸ್ಕೃತಿ, ಅಲ್ವಾ?

ಫ್ರೆಂಚ್ ಕಾನೂನಿನ ವಿರುದ್ಧ ಒಬ್ಬ ಯುವತಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ತನಕ ಹೋದಳು. ನನಗೆ ಯಾರ ಬಲವಂತವೂ ಇಲ್ಲ, ನನ್ನಿಷ್ಟಕ್ಕೇ ಹಾಕುತ್ತೇನೆ, ಬೇಕಾದಾಗ ತೆಗೆಯುತ್ತೇನೆ ಎಂದಳು. 2014ರ ಜುಲೈ 1ರಂದು ತೀರ್ಪು ಬಂತು. ಒಟ್ಟಿಗೆ ಬಾಳಬೇಕಾದರೆ ಒಬ್ಬರ ಮುಖ ಒಬ್ಬರಿಗೆ ಕಾಣಬೇಕು ಎಂಬ ಫ್ರಾನ್ಸಿನ ವಾದವನ್ನು ನ್ಯಾಯಾಲಯ ಒಪ್ಪಿತು. ಆ ತೀರ್ಪಿನಲ್ಲಿ ಅವಳ ಹೆಸರಿಲ್ಲ, ಎಸ್.ಎ.ಎಸ್. ಎಂಬ ಮೂರು ಅಕ್ಷರ ಮಾತ್ರ. ಅವಳು ಯಾರೆಂದು ಊರಿಗೆ ಗೊತ್ತಾಗಬಾರದು ಎಂದು ನ್ಯಾಯಾಲಯವೇ ಮುಚ್ಚಿಟ್ಟಿತ್ತು. ಅದಕ್ಕೆ ದಂಡ ಬೀಳಲಿಲ್ಲ.