ಏನಿಲ್ಲ ಬಿಡಿ

"ಏನಿಲ್ಲ ಬಿಡಿ" ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಊಟಕ್ಕೆ ಕೂತಾಗ ಎಲ್ಲರೂ ಗೊಳ್ಳೆಂದು ನಗುತ್ತಾರೆ. ಕಿವಿ ಮಂದವಾದ ನಾನು "ಏನಂತೆ?" ಅನ್ನುತ್ತೇನೆ. ಸೊಸೆ ಸಾರು ಬಡಿಸುತ್ತಾ, "ಏನಿಲ್ಲ ಬಿಡಿ ಮಾವ" ಅನ್ನುತ್ತಾಳೆ. ಏನಿಲ್ಲದ್ದಕ್ಕೆ ಮನೆಮಂದಿಯೆಲ್ಲ ಅಷ್ಟು ಹೊತ್ತು ನಗುತ್ತಾರಾ?

ಇನ್ನು ಕೆಲವರದ್ದು ಕಿರುಚಾಟ. ವಯಸ್ಸಾದಂತೆ ಕಿವಿಯಿಂದ ಮೊದಲು ಜಾರುವುದು ಕೀಚಲು ಸದ್ದು. ಆ, ಈ, ಓ ಎಲ್ಲ ಚೆನ್ನಾಗಿಯೇ ಕೇಳುತ್ತವೆ. ಸ, ಶ, ತ, ಕ ದಾರಿಯಲ್ಲೆಲ್ಲೋ ಉದುರಿಹೋಗುತ್ತವೆ. ಕೂಗಿದರೆ ಆ, ಈ, ಓಗಳೇ ಇನ್ನೂ ಜೋರಾಗುತ್ತವೆ, ಅಷ್ಟೆ. ಎದುರಿಗೆ ಬಂದು, ಮುಖ ತೋರಿಸಿ, ಸ್ವಲ್ಪ ನಿಧಾನಕ್ಕೆ ಹೇಳಿದರೆ ಸಾಕು. ಮಿಕ್ಸಿ ಓಡುತ್ತಿರುವಾಗ ಬೆನ್ನು ಹಾಕಿಕೊಂಡು ಮಾತಾಡುವವರಿಗೆ ಇದನ್ನು ಯಾರು ಹೇಳುವುದು?

ಕಡೆಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದೆ. 1960ರ ದಶಕದಿಂದ ಇರುವ ಜಾಗ. ದೂರದ ಊರುಗಳಿಂದ ಜನ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಕುಂಯ್ ಅಂದಾಗ ಒತ್ತಬೇಕು. ಕೊನೆಕೊನೆಗೆ ಕುಂಯ್ ಅಂದದ್ದು ಮಷೀನೋ ನನ್ನ ತಲೆಯೋ ತಿಳಿಯದೆ ಸುಮ್ನೆ ಒತ್ತಿದೆ. ಗ್ರಾಫ್ ಬಂತು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು. 1000 ಹರ್ಟ್ಸ್‌ವರೆಗೆ ಎರಡೂ ನೆಟ್ಟಗಿದ್ದು, ಆಮೇಲೆ ಕೀಚಲು ಸದ್ದಿನ ಕಡೆಗೆ ಜೊತೆಜೊತೆಯಾಗಿ ಇಳಿದಿದ್ದವು.

ಅಲ್ಲಿಯವರು ಕಿವಿ ಮಷೀನು ಅಂದ ಕೂಡಲೇ ನೆನಪಾದವರು ನನ್ನ ಸೋದರಮಾವ. ಅವರದ್ದು ಹಳೇ ಕಾಲದ್ದು. ಜೇಬಿನಲ್ಲೊಂದು ಡಬ್ಬಿ, ಅಲ್ಲಿಂದ ಕಿವಿಗೊಂದು ವೈರು. ಬಂದವರೆಲ್ಲ ಬಗ್ಗಿ ಅವರ ಜೇಬಿನ ಹತ್ತಿರವೇ ಕುಶಲ ಕೇಳುತ್ತಿದ್ದರು. ಅದಕ್ಕೆ ಒಂದು ಪೆನ್ಸಿಲ್ ಸೆಲ್ಲು ಬೇಕಿತ್ತು. ನಡುಮನೆಯ ಗೋಡೆ ಗಡಿಯಾರಕ್ಕೂ ಅದೇ ಸೆಲ್ಲು. ಮಾವ ಮಹಾ ಜಿಪುಣರು, ಎರಡಕ್ಕೂ ಸೇರಿ ಒಂದನ್ನೇ ಇಟ್ಟುಕೊಂಡಿದ್ದರು. ಹಾಗಾಗಿ ಆ ಮನೆಯಲ್ಲಿ ಒಂದೋ ಟೈಮು ಇರುತ್ತಿತ್ತು, ಇಲ್ಲ ಮಾವನಿಗೆ ಕಿವಿ ಇರುತ್ತಿತ್ತು. ಗೇಟು ಸದ್ದಾದರೆ ಅತ್ತೆ ಕೈಸನ್ನೆ ಮಾಡುತ್ತಿದ್ದರು. ಮಾವ ಸ್ಟೂಲು ಹತ್ತಿ ಗಡಿಯಾರದ ಬೆನ್ನಿಂದ ಸೆಲ್ಲು ಕಿತ್ತು ಜೇಬಿನ ಡಬ್ಬಿಗೆ ತುರುಕುತ್ತಿದ್ದರು. ಅತ್ತೆ ಪೇಟೆಗೆ ಹೋಗಿಬಂದವರು ಮೊದಲು ನೋಡುತ್ತಿದ್ದದ್ದು ಗೋಡೆಯನ್ನು. "ನಾಲ್ಕೂಕಾಲಿಗೆ ಯಾರು ಬಂದಿದ್ರು?" ಅಂತ ಕೇಳುತ್ತಿದ್ದರು. ಸಾಲ ಕೇಳಲು ಬಂದವರಿದ್ದರೆ ಮಾತ್ರ ಗಡಿಯಾರ ನಿಲ್ಲುತ್ತಿರಲಿಲ್ಲ. ಅವರ ಮುಂದೆ ಮಾವ ಟಿಕ್ ಟಿಕ್ ಅನ್ನುವ ಗಡಿಯಾರದ ಕೆಳಗೇ ಕೂತು, ಖಾಲಿ ಡಬ್ಬಿಯನ್ನು ತಟ್ಟಿ ತಟ್ಟಿ ತೋರಿಸುತ್ತಿದ್ದರು.

ನನ್ನ ಮಷೀನಿಗೆ ಆ ವೈಭೋಗವಿಲ್ಲ. ಕಡಲೆಬೇಳೆಯಷ್ಟು ಸೆಲ್ಲು, ಮೇಲೊಂದು ಕಂದು ಸ್ಟಿಕರ್. ಸ್ಟಿಕರ್ ಕಿತ್ತರೆ ಒಳಗೆ ಗಾಳಿ ಹೋಗಿ ಸೆಲ್ಲಿಗೆ ಜೀವ ಬರುತ್ತದೆ. ಆಮೇಲೆ ಹಾಕಿಕೊಂಡರೂ ಬಿಟ್ಟರೂ ಅದು ಸವೆಯುತ್ತದೆ. ಮೊನ್ನೆ ಮೊಮ್ಮಗ ಒಂದಿಡೀ ಕಾರ್ಡಿನ ಆರೂ ಸ್ಟಿಕರ್ ಕಿತ್ತು ಫ್ರಿಜ್ಜಿಗೆ ಅಂಟಿಸಿದ. ಅವನಿಗೆ ಯಾರೂ ಏನೂ ಅನ್ನಲಿಲ್ಲ, ಚೆನ್ನಾಗಿದೆ ಅಂತ ಫೋಟೋ ಬೇರೆ ತೆಗೆದರು. ಸೆಲ್ಲು ಹೇಗೂ ದಂಡ, ಈ ವಾರ ಎಲ್ಲರೂ ನನ್ನ ಜೊತೆ ಧಾರಾಳವಾಗಿ ಮಾತಾಡ್ರಪ್ಪಾ ಅಂದೆ. ಎಲ್ಲರೂ ಮೊಬೈಲ್ ನೋಡುತ್ತಿದ್ದರು. ಯಾರಿಗೂ ಕೇಳಿಸಲಿಲ್ಲ.