ದಾವಣಗೆರೆಯ ಮಾಳಿಗೆಗೆ ಅಹಮದಾಬಾದಿನ ಲೆಕ್ಕ

ಮನೆ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸುವ ಮಾತು ಬಂದರೆ ಅಹಮದಾಬಾದಿನವರು ಮೊದಲು ಕೇಳುವುದು, ‘ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ?’ ಅಂತ. ದಾವಣಗೆರೆಯಲ್ಲಿ ನಮ್ಮವರು ಮೊದಲು ಕೇಳುವುದು, ‘ಕರೆಂಟ್ ಹೋದಾಗ ಲೈಟ್ ಉರಿಯುತ್ತಾ?’ ಅಂತ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ, ಸಂಸಾರ ಹೂಡಿರುವುದು ಇಲ್ಲಿ ಅಹಮದಾಬಾದಿನಲ್ಲಿ. ಹಾಗಾಗಿ ಎರಡೂ ಕಡೆಯ ಮಾತು ಕಿವಿಗೆ ಬೀಳುತ್ತಲೇ ಇರುತ್ತೆ. ನಮ್ಮವರು ಎರಡನೇ ಪ್ರಶ್ನೆಯಲ್ಲೇ ಸಿಕ್ಕಿಕೊಂಡಿದ್ದಾರೆ, ಅದರಿಂದ ಕೈಗೆ ಬರುವ ಲಾಭ ತಪ್ಪಿಹೋಗುತ್ತಿದೆ ಅನ್ನುವುದು ನನ್ನ ಅನಿಸಿಕೆ.

ನಮ್ಮವರ ಪ್ರಶ್ನೆ ತಪ್ಪಲ್ಲ. ಲೋಡ್ ಶೆಡ್ಡಿಂಗ್ ನೋಡಿ ಬೆಳೆದವರು ನಾವು. ಯುಪಿಎಸ್, ಬ್ಯಾಟರಿ ಇಲ್ಲದ ಮನೆ ನಮ್ಮ ಕಡೆ ಕಡಿಮೆ. ಸೋಲಾರ್ ಅಂದರೂ ಬ್ಯಾಟರಿ ಇರುವ ಇನ್ನೊಂದು ಯುಪಿಎಸ್ ಅಂತಲೇ ಅಂದುಕೊಳ್ಳುತ್ತೇವೆ. ಆದರೆ ಈಗ ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಗ್ರಿಡ್‌ಗೆ ಅಂದರೆ ಊರಿನ ಕರೆಂಟ್ ಲೈನಿಗೆ ಜೋಡಿಸಿದ ವ್ಯವಸ್ಥೆ. ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಹಗಲು ಪ್ಯಾನೆಲ್ ಕೊಡುವ ಕರೆಂಟ್ ಮೊದಲು ಮನೆಗೆ, ಉಳಿದದ್ದು ಬೀದಿಯ ಲೈನಿಗೆ. ರಾತ್ರಿ ಲೈನಿನಿಂದಲೇ ವಾಪಸ್ ಪಡೆಯುತ್ತೇವೆ. ಎರಡೂ ಕಡೆ ಅಳೆಯುವ ಮೀಟರ್ ಕೂರಿಸುತ್ತಾರೆ, ಯೂನಿಟ್ ಲೆಕ್ಕದಲ್ಲಿ ವ್ಯತ್ಯಾಸಕ್ಕೆ ಮಾತ್ರ ಬಿಲ್ಲು. ಲೈನಿನಲ್ಲಿ ಕರೆಂಟ್ ಹೋದರೆ ಪ್ಯಾನೆಲ್ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಿಸುವ ಇನ್ವರ್ಟರ್ ತಾನಾಗಿ ಆಫ್ ಆಗುತ್ತೆ, ನೆತ್ತಿ ಸುಡುವ ಬಿಸಿಲಿದ್ದರೂ ಅಷ್ಟೆ. ಅದು ದೋಷವಲ್ಲ. ಲೈನ್‌ಮನ್ ಕಂಬ ಹತ್ತಿ ರಿಪೇರಿ ಮಾಡುವಾಗ ನಮ್ಮ ಮಾಳಿಗೆಯ ಕರೆಂಟ್ ತಂತಿಗೆ ಹರಿದರೆ ಅವನ ಪ್ರಾಣಕ್ಕೇ ಕುತ್ತು. ಅದಕ್ಕೇ ಹಾಗೆ ಮಾಡಿದ್ದಾರೆ.

‘ಹಂಗಾರ ಹಾಕ್ಸಿ ಏನ್ ಉಪಯೋಗಪ್ಪ?’ ಅಂತಾರೆ ನಮ್ಮ ಭಾವ. ಕರೆಂಟ್ ಹೋದಾಗಲೂ ಬೇಕೇ ಬೇಕು ಅಂದರೆ ಬ್ಯಾಟರಿಗೂ ಲೈನಿಗೂ ಹೊಂದುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಹಾಕಿಸಬಹುದು. ಖರ್ಚು ತುಂಬಾ ಏರುತ್ತೆ, ಬ್ಯಾಟರಿ ಪ್ಯಾನೆಲ್‌ನಷ್ಟು ವರ್ಷ ಬಾಳುವುದೂ ಇಲ್ಲ. ಮನೆಯಲ್ಲಿರುವ ಹಳೇ ಯುಪಿಎಸ್ ಹಾಗೇ ಇರಲಿ, ಅದರ ಕೆಲಸ ಅದು ಮಾಡಲಿ, ಬಿಲ್ ಇಳಿಸುವ ಕೆಲಸ ಪ್ಯಾನೆಲ್ ಮಾಡಲಿ ಅನ್ನುವುದು ನನ್ನ ಮಾತು.

ಭಾವನ ಇನ್ನೊಂದು ಪ್ರಶ್ನೆ, ‘ಯೂನಿಟ್‌ಗೆ ಸರ್ಕಾರ ಎಷ್ಟು ಕೊಡುತ್ತೆ?’ ಇದರ ಹಿಂದೆ ಒಂದು ಕಥೆ ಇದೆ. ಸುಮಾರು 2014ರ ಹೊತ್ತಿಗೆ ಕರ್ನಾಟಕದಲ್ಲಿ ಚಾವಣಿ ಸೋಲಾರ್‌ಗೆ, ಸಬ್ಸಿಡಿ ಪಡೆಯದಿದ್ದರೆ, ಯೂನಿಟ್‌ಗೆ 9 ರೂಪಾಯಿ 56 ಪೈಸೆ ದರ ಇತ್ತು. ಕರೆಂಟ್ ಮಾರಿಯೇ ದುಡ್ಡು ಮಾಡಬಹುದು ಅಂತ ಶೆಡ್ಡಿನ ಮೇಲೂ ಪ್ಯಾನೆಲ್ ಹೊದಿಸಿದವರಿದ್ದಾರೆ. ಪ್ಯಾನೆಲ್ ಅಗ್ಗವಾದಂತೆ 2016ರಲ್ಲಿ ಆ ದರ ಇಳಿಸಿದರು. ಹಳೇ ದರದ ಸುದ್ದಿ ಮಾತ್ರ ಜನರ ಬಾಯಲ್ಲಿ ಹಾಗೇ ಉಳಿಯಿತು. ಈಗ ಮಾರುವುದರಲ್ಲಿ ಲಾಭ ಇಲ್ಲ. ಗುಜರಾತಿನಲ್ಲಿ ಮನೆಯವರ ಉಳಿಕೆ ಕರೆಂಟಿಗೆ ಯೂನಿಟ್‌ಗೆ ಸಿಗುವುದು 2 ರೂಪಾಯಿ 25 ಪೈಸೆ. ಬಿಲ್ಲಿನಲ್ಲಿ ಉಳಿಸಿದ ಯೂನಿಟ್‌ಗೆ ಬೆಲೆ ಜಾಸ್ತಿ, ಮಾರಿದ ಯೂನಿಟ್‌ಗೆ ಕಡಿಮೆ. ಅದಕ್ಕೇ ಮನೆಗೆ ಎಷ್ಟು ಬೇಕೋ ಅಷ್ಟೇ ಹಾಕಿಸಬೇಕು. ‘ಇನ್ನೆರಡು ಕಿಲೋವ್ಯಾಟ್ ಸೇರಿಸಿ ಸಾರ್’ ಅನ್ನುವ ಮಾರಾಟಗಾರನ ಮಾತಿಗೆ ತಲೆ ಆಡಿಸಬಾರದು.

ಮನೆ ಚಾವಣಿಯ ಸೋಲಾರ್‌ನಲ್ಲಿ ಗುಜರಾತ್ ದೇಶಕ್ಕೇ ಮುಂದಿದೆ. ಇಲ್ಲಿ ಬಿಸಿಲು ಜಾಸ್ತಿ ಅಂತ ಕಾರಣ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ, ಚಿತ್ರದುರ್ಗ, ಬಳ್ಳಾರಿ, ರಾಯಚೂರಿನ ಬಿಸಿಲು ಯಾವುದಕ್ಕೂ ಕಡಿಮೆಯಿಲ್ಲ. ಇಲ್ಲಿ 2019ರಲ್ಲೇ ಸೂರ್ಯ ಗುಜರಾತ್ ಯೋಜನೆ ಬಂತು, ಮೊದಲ 3 ಕಿಲೋವ್ಯಾಟ್‌ಗೆ ಶೇಕಡಾ 40 ಸಬ್ಸಿಡಿ ಕೊಟ್ಟರು. ಮೆಹಸಾಣಾ ಜಿಲ್ಲೆಯ ಮೋಢೇರಾದಲ್ಲಿ, ಅದೇ ಸೂರ್ಯ ದೇವಸ್ಥಾನದ ಊರಿನಲ್ಲಿ, 1300ಕ್ಕೂ ಹೆಚ್ಚು ಮನೆಗಳ ಮೇಲೆ ತಲಾ 1 ಕಿಲೋವ್ಯಾಟ್ ಹಾಕಿ, 2022ರ ಅಕ್ಟೋಬರ್‌ನಲ್ಲಿ ಹಗಲು ರಾತ್ರಿ ಸೌರ ವಿದ್ಯುತ್ತಿನ ಊರು ಅಂತ ಘೋಷಿಸಿದರು. ಇದೆಲ್ಲ ಸರ್ಕಾರದ ಪಾಲು. ನಾನು ಕಣ್ಣಾರೆ ಕಂಡ ಕಾರಣ ಬೇರೆ. ಇಲ್ಲಿ ಜನ ಒಬ್ಬರಿಗೊಬ್ಬರು ಬಿಲ್ ತೋರಿಸುತ್ತಾರೆ.

ನಾವಿರುವ ಸೊಸೈಟಿಯಲ್ಲಿ ಸಾಲು ಮನೆಗಳು. ಪಕ್ಕದ ಮನೆಯ ಬೆನ್ (ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರೆ) ಸೋಲಾರ್ ಹಾಕಿಸಿದ ಮೇಲೆ ಮೊದಲ ಬಿಲ್ ಬಂತು. ಹಿಡಿದುಕೊಂಡು ಓಣಿಯಲ್ಲೇ ನಿಂತರು. ಲೈನಿನಿಂದ ತೆಗೆದುಕೊಂಡದ್ದು ಎಷ್ಟು, ಕೊಟ್ಟದ್ದು ಎಷ್ಟು, ಫಿಕ್ಸೆಡ್ ಚಾರ್ಜ್ ಎಷ್ಟು, ಎಲ್ಲವನ್ನೂ ಬೆರಳಿಟ್ಟು ತೋರಿಸಿದರು. ಸುತ್ತ ನಿಂತವರು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಆಮೇಲೆ ನಾಲ್ಕಾರು ಮನೆಯವರು ಸೇರಿ ಒಬ್ಬನೇ ಏಜೆನ್ಸಿಯವನನ್ನು ಕರೆಸಿ ಚೌಕಾಸಿ ಮಾಡಿದರು. ನಮ್ಮ ಕಡೆ ಮನೆ ಖರ್ಚಿನ ಲೆಕ್ಕವನ್ನು ಓಣಿಯಲ್ಲಿ ಬಿಚ್ಚಿಡುವ ರೂಢಿ ಇಲ್ಲ. ಆ ಸಂಕೋಚ ಒಳ್ಳೆಯದೇ ಇರಬಹುದು. ಆದರೆ ಸೋಲಾರ್ ವಿಷಯದಲ್ಲಿ ಪಕ್ಕದ ಮನೆಯ ಬಿಲ್‌ಗಿಂತ ದೊಡ್ಡ ಸಾಕ್ಷಿ ಬೇರೊಂದಿಲ್ಲ. ಯಾವ ಜಾಹೀರಾತೂ ಅಷ್ಟು ನಂಬಿಕೆ ಹುಟ್ಟಿಸುವುದಿಲ್ಲ.

‘ಮಾಳಿಗೆಯೆಲ್ಲ ಹೋಗಿಬಿಡುತ್ತಲ್ಲ, ಹಪ್ಪಳ ಸಂಡಿಗೆ ಎಲ್ಲಿ ಒಣಗಿಸೋದು?’ ಇದು ಅಕ್ಕನ ಪ್ರಶ್ನೆ. ಇದನ್ನು ಅಹಮದಾಬಾದ್ ಚೆನ್ನಾಗಿ ಬಗೆಹರಿಸಿಕೊಂಡಿದೆ. ಇಲ್ಲಿಯವರಿಗೆ ಮಾಳಿಗೆ ಅಂದರೆ ಪ್ರಾಣ. ಜನವರಿ 14ರ ಉತ್ತರಾಯಣಕ್ಕೆ ಇಡೀ ಊರು ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತೆ, ಮಾರನೇ ದಿನವೂ ಬಿಡುವುದಿಲ್ಲ. ಮಾಳಿಗೆ ಬಿಟ್ಟುಕೊಡಿ ಅಂದರೆ ಒಬ್ಬರೂ ಸೋಲಾರ್ ಹಾಕಿಸುತ್ತಿರಲಿಲ್ಲ. ಹಾಗಾಗಿ ಏಳೆಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಅದರ ಮೇಲೆ ಪ್ಯಾನೆಲ್ ಕೂರಿಸುತ್ತಾರೆ. ಕೆಳಗೆ ನೆರಳು. ಅಲ್ಲೇ ಕುರ್ಚಿ ಹಾಕಿಕೊಂಡು ತರಕಾರಿಗಳ ಊಂಧಿಯು ಪಲ್ಯ, ಜಿಲೇಬಿ ತಿನ್ನುತ್ತಾರೆ. ಮನೆಯ ಮೇಲಿನ ಕೋಣೆಯೂ ತಂಪಾಗಿರುತ್ತೆ. ಖರ್ಚು ಸ್ವಲ್ಪ ಜಾಸ್ತಿ, ಆದರೆ ಆ ದುಡ್ಡು ದಂಡವಲ್ಲ. ಚೌಕಟ್ಟು ಮಾತ್ರ ಚೆನ್ನಾಗಿ ಗ್ಯಾಲ್ವನೈಸ್ ಮಾಡಿದ, ಅಂದರೆ ಸತುವಿನ ಲೇಪ ಕೊಟ್ಟ, ಕಬ್ಬಿಣದ್ದೇ ಆಗಬೇಕು. ಮನೆ ಹತ್ತಿರವೇ ವೆಲ್ಡಿಂಗ್ ಮಾಡಿ ಬಣ್ಣ ಬಳಿದು ಹೋದರೆ ಕೆಲವೇ ವರ್ಷಕ್ಕೆ ಜೋಡಣೆಗಳಲ್ಲಿ ತುಕ್ಕು ಏಳುತ್ತೆ. ಎತ್ತರ ಹೆಚ್ಚಿದಷ್ಟೂ ಗಾಳಿಯ ಹೊಡೆತ ಜಾಸ್ತಿ ಅನ್ನುವುದೂ ನೆನಪಿರಲಿ.

ಇನ್ನು ದುಡ್ಡಿನ ಲೆಕ್ಕ. 2024ರ ಫೆಬ್ರವರಿಯಲ್ಲಿ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ ಬಂತು. ಅದರ ಸಬ್ಸಿಡಿ ಗುಜರಾತಿಗೂ ಕರ್ನಾಟಕಕ್ಕೂ ಒಂದೇ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000, ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. 3 ಕಿಲೋವ್ಯಾಟ್‌ಗೆ ಸಬ್ಸಿಡಿ ಮೊದಲು ಒಂದೂವರೆಯಿಂದ ಎರಡು ಲಕ್ಷದ ಆಸುಪಾಸು ಬೀಳುತ್ತೆ. ಸುಮಾರು 300 ಚದರ ಅಡಿ ಜಾಗ, ಈಗಿನ ದೊಡ್ಡ ಪ್ಯಾನೆಲ್ ಆದರೆ ಆರು ಸಾಕು. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಹಿಡಿದರೆ ತಿಂಗಳಿಗೆ 350 ಯೂನಿಟ್ ಹತ್ತಿರ. ಕರ್ನಾಟಕದಲ್ಲಿ ಯೂನಿಟ್‌ಗೆ ಆರು ರೂಪಾಯಿ ಆಸುಪಾಸು ಇದೆ. ಅಷ್ಟು ಕರೆಂಟ್ ಬಳಸುವ ಮನೆಗೆ ತಿಂಗಳಿಗೆ ಎರಡು ಸಾವಿರ ಉಳಿತಾಯ, ಹಾಕಿದ ದುಡ್ಡು ನಾಲ್ಕೈದು ವರ್ಷಕ್ಕೆ ವಾಪಸ್. ಪ್ಯಾನೆಲ್‌ಗೆ 25 ವರ್ಷದ ಗ್ಯಾರಂಟಿ ಕೊಡುತ್ತಾರೆ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸಬೇಕಾಗಬಹುದು, ಆ ಖರ್ಚನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಗೃಹಜ್ಯೋತಿ ಬಗ್ಗೆ ಇಲ್ಲಿ ನೇರವಾಗಿ ಹೇಳಬೇಕು. 2023ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಬಳಸುವ ಮನೆಗಳಿಗೆ, ಅವರ ಹಳೇ ಸರಾಸರಿಗೆ ತಕ್ಕಂತೆ, ಸೊನ್ನೆ ಬಿಲ್ ಬರುತ್ತಿದೆ. 80, 90 ಯೂನಿಟ್ ಬಳಸುವ ಮನೆಗೆ ಅದು ದೊಡ್ಡ ಆಸರೆ. ಅಂಥವರು ಸೋಲಾರ್‌ಗೆ ಸಾಲ ಮಾಡುವುದು ಬೇಡ, ಲೆಕ್ಕ ಕೂರುವುದಿಲ್ಲ. ಆದರೆ 200 ದಾಟಿದವರು ಪೂರ್ತಿ ಬಿಲ್ ಕಟ್ಟುತ್ತಾರೆ. ಎಸಿ ಹಾಕಿಸಿಕೊಂಡವರು, ಎರಡು ಫ್ರಿಜ್, ಬೋರ್‌ವೆಲ್ ಮೋಟರ್ ಓಡಿಸುವವರು, ಎಲೆಕ್ಟ್ರಿಕ್ ಸ್ಕೂಟರ್ ಕೊಂಡವರು. ದಾವಣಗೆರೆ, ಹುಬ್ಬಳ್ಳಿಯಂಥ ಊರಲ್ಲಿ ಇಂಥ ಮನೆಗಳು ಏನು ಕಡಿಮೆಯಾ? ಇವರೂ ‘ನಮ್ಮಲ್ಲಿ ಕರೆಂಟ್ ಫ್ರೀ ಅಲ್ವಾ’ ಅಂತ ಸುಮ್ಮನಿರುವುದು ನನಗೆ ಬೇಸರ ತರುತ್ತೆ. ಕೈಯಿಂದ ಪೂರ್ತಿ ಬಿಲ್ ಕಟ್ಟುತ್ತಲೇ ಇದ್ದಾರೆ!

ಒಂದು ವಿಷಯದಲ್ಲಿ ನಮ್ಮ ದಾರಿಯೇ ಮೇಲು. ಕರ್ನಾಟಕದ ಎಷ್ಟೋ ಮಾಳಿಗೆಗಳ ಮೇಲೆ ನೀರು ಕಾಯಿಸುವ ಸೋಲಾರ್ ಇದೆ. ಬೆಂಗಳೂರಿನಲ್ಲಿ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿ ಎಷ್ಟೋ ವರ್ಷವಾಯಿತು. ಅಹಮದಾಬಾದಿನ ನಮ್ಮ ಸೊಸೈಟಿಯಲ್ಲಿ ಹೆಚ್ಚಿನವರು ಗ್ಯಾಸ್ ಗೀಸರ್ ಇಟ್ಟಿದ್ದಾರೆ. ನೀರು ಕಾಯಿಸಲು ಬಿಸಿಲಿನ ಶಾಖವನ್ನೇ ನೇರವಾಗಿ ಬಳಸುವುದಕ್ಕಿಂತ ಜಾಣತನ ಇನ್ನೊಂದಿಲ್ಲ. ಹೊಸದಾಗಿ ಪ್ಯಾನೆಲ್ ಹಾಕಿಸುವವರು ಹಳೇ ವಾಟರ್ ಹೀಟರ್ ಕಿತ್ತುಹಾಕಬೇಡಿ. ಅದು ಇದ್ದರೆ ಸಣ್ಣ ಸೋಲಾರ್ ಸಾಕಾಗುತ್ತೆ. ಅದರ ಟ್ಯಾಂಕಿನ ನೆರಳು ಪ್ಯಾನೆಲ್ ಮೇಲೆ ಬೀಳದಂತೆ ಜಾಗ ನೋಡಿಕೊಳ್ಳಿ, ಅಷ್ಟೆ.

ನೆರಳಿನ ಮಾತು ಸಣ್ಣದಲ್ಲ. ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ, ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟ್ ಕುಗ್ಗಬಹುದು. ಅಹಮದಾಬಾದಿನಲ್ಲಿ ಅಡ್ಡ ಬರುವುದು ಹೆಚ್ಚಾಗಿ ಪಕ್ಕದ ಕಟ್ಟಡ, ನಮ್ಮಲ್ಲಿ ತೆಂಗಿನ ಮರ. ಏಜೆನ್ಸಿಯವನು ಬಂದಾಗ ಮಧ್ಯಾಹ್ನ ಒಮ್ಮೆ ನೋಡಿ ಹೋದರೆ ಸಾಲದು. ಬೆಳಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ನೀವೇ ಮೇಲೆ ಹತ್ತಿ ನೆರಳು ಎಲ್ಲಿ ಬೀಳುತ್ತೆ ನೋಡಿ. ಡಿಸೆಂಬರ್‌ನಲ್ಲಿ ನೆರಳು ಇನ್ನೂ ಉದ್ದ. ಪ್ಯಾನೆಲ್ ಮುಖ ದಕ್ಷಿಣಕ್ಕೆ. ಇಳಿಜಾರು ಅಹಮದಾಬಾದಿನಲ್ಲಿ ಇಪ್ಪತ್ತು ಡಿಗ್ರಿ ಆಸುಪಾಸು ಇಡುತ್ತಾರೆ, ನಮ್ಮ ಕಡೆ ಹತ್ತರಿಂದ ಹದಿನೈದು ಸಾಕು.

ಬಿಸಿಲು ಸುಟ್ಟಷ್ಟೂ ಕರೆಂಟ್ ಜಾಸ್ತಿ ಅನ್ನುವುದು ತಪ್ಪು ತಿಳಿವಳಿಕೆ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಕಾವಲ್ಲ. 25 ಡಿಗ್ರಿಗಿಂತ ಮೇಲೆ ಪ್ಯಾನೆಲ್ ಬಿಸಿಯಾದಂತೆ ಒಂದೊಂದು ಡಿಗ್ರಿಗೂ ಶೇಕಡಾ 0.3, 0.4ರಷ್ಟು ಕಡಿಮೆಯಾಗುತ್ತೆ. ಮೇ ತಿಂಗಳ ಅಹಮದಾಬಾದಿನಲ್ಲಿ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ ಶೇಕಡಾ 14ರಷ್ಟು ಹೋಯಿತು ಅಂತಲೇ ಲೆಕ್ಕ. ತಂಪು ಹವೆ, ಸ್ವಚ್ಛ ಆಕಾಶ ಇರುವ ಮೈಸೂರಿನ ಫೆಬ್ರವರಿ ಪ್ಯಾನೆಲ್‌ಗೆ ಹಬ್ಬ.

ತೊಳೆಯುವ ವಿಷಯದಲ್ಲಿ ಇಲ್ಲಿಯವರು ಅವಸರ ಮಾಡುತ್ತಾರೆ. ಮಧ್ಯಾಹ್ನದ ಉರಿಯಲ್ಲಿ ಬೋರ್ ನೀರು ಹಾಯಿಸುತ್ತಾರೆ. ಗಡಸು ನೀರು ಒಣಗಿ ಗಾಜಿನ ಮೇಲೆ ಬಿಳಿ ಪೊರೆ ಕೂರುತ್ತೆ, ಆಮೇಲೆ ಉಜ್ಜಿದರೂ ಬಿಡುವುದಿಲ್ಲ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯ ಬೇರೆ. ದಾವಣಗೆರೆಯ ಬೋರ್ ನೀರೂ ಗಡಸೇ. ಬೆಳಗಿನ ಜಾವ, ಸಿಹಿ ನೀರು, ಮೆತ್ತನೆ ಬಟ್ಟೆ ಇಷ್ಟೇ ಸಾಕು. ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತೆ.

ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕಟ್ಟಿದ ರಾಜ್ಯ ನಮ್ಮದು. ನೆಲದ ಮೇಲೆ ಅಷ್ಟು ಮಾಡಿದವರು ಮನೆ ಮಾಳಿಗೆಯಲ್ಲಿ ಹಿಂದೆ ಬೀಳಬೇಕಾಗಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೂ ದಾರಿ ಇದೆ. ಲಿಫ್ಟ್, ನೀರಿನ ಪಂಪ್, ಮೆಟ್ಟಿಲ ದೀಪದಂಥ ಒಟ್ಟು ಬಳಕೆಗೆ ಸಂಘದ ಹೆಸರಿನಲ್ಲಿ ಹಾಕಿಸಿದರೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಸಿಗುತ್ತೆ.

ನಮ್ಮ ಕಡೆ ಕೆಲಸ ನಿಲ್ಲುವುದು ಬಹಳ ಸಲ ಕಾಗದದಲ್ಲಿ. ಕರೆಂಟ್ ಬಿಲ್ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇರುತ್ತೆ. ಮನೆ ಅಣ್ಣ ತಮ್ಮಂದಿರ ಜಂಟಿ, ಮಾಳಿಗೆ ಯಾರದು ಅಂತ ತೀರ್ಮಾನವಾಗಿರುವುದಿಲ್ಲ. ಅರ್ಜಿ ಹಾಕುವವರ ಹೆಸರೂ ಬಿಲ್ಲಿನ ಹೆಸರೂ ಹೊಂದಬೇಕು. ಆದ್ದರಿಂದ ಏಜೆನ್ಸಿಯವರನ್ನು ಕರೆಯುವ ಮೊದಲು ಮೀಟರ್ ಹೆಸರು ಬದಲಿಸಿಕೊಳ್ಳಿ. ಸಬ್ಸಿಡಿ ನಿಮ್ಮ ಬ್ಯಾಂಕ್ ಖಾತೆಗೆ ಬರುವುದು ಕೆಲಸ ಮುಗಿದು ಮೀಟರ್ ಕೂತ ಮೇಲೆ, ಮೊದಲು ಕೈಯಿಂದ ಹಾಕಬೇಕು ಅಥವಾ ಬ್ಯಾಂಕ್ ಸಾಲ ತೆಗೆಯಬೇಕು. ಸಬ್ಸಿಡಿ ಬೇಕಾದರೆ ಪ್ಯಾನೆಲ್ ಮಾತ್ರವಲ್ಲ, ಅದರೊಳಗೆ ಬೆಳಕನ್ನು ಕರೆಂಟ್ ಮಾಡುವ ಸೆಲ್ ಕೂಡ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಅಗ್ಗಕ್ಕೆ ಸಿಗುತ್ತೆ ಅಂತ ಬೇರೆ ತರಿಸಿದರೆ 78,000 ಕೈತಪ್ಪುತ್ತೆ. ಪ್ಯಾನೆಲ್ ಕಡೆಯ ಡಿಸಿ ಕರೆಂಟಿಗೆ ಒಂದು, ಮನೆ ಕಡೆಯ ಎಸಿ ಕರೆಂಟಿಗೆ ಒಂದು, ಸಿಡಿಲು ತಡೆಗೆ ಒಂದು, ಹೀಗೆ ಮೂರು ಅರ್ಥಿಂಗ್ ಗುಂಡಿ ಬೇರೆ ಬೇರೆ ತೋಡಿದ್ದಾರಾ ಅಂತ ನಿಂತು ನೋಡಿ. ಇದರಲ್ಲಿ ಉಳಿಸಲು ನೋಡುವವರು ಎರಡೂ ರಾಜ್ಯದಲ್ಲಿದ್ದಾರೆ. ಪಿಎಂ ಸೂರ್ಯ ಘರ್ ಯೋಜನೆ 2026-27ರವರೆಗೆ ಅಂತ ಇದೆ. ಮೀಟರಿನ ಹೆಸರು ಬದಲಿಸುವ ಅರ್ಜಿಯನ್ನು ಭಾವ ಈ ವಾರವೇ ಕೊಡಲಿ ಅಂತ ಅಕ್ಕನಿಗೆ ಹೇಳಿದ್ದೇನೆ.