ಕಣ್ಣಿನ ಫೋಟೋದಿಂದ ಕಾಯಿಲೆ ವಾಸಿಯಾಗುವುದಿಲ್ಲ: ಒಂದು ಸ್ಪಷ್ಟನೆ

'ಹೊಸ ಕ್ಯಾಮೆರಾದಲ್ಲಿ ಕಣ್ಣಿನ ಫೋಟೋ ತೆಗೆಸಿದರೆ ಸಾಕು, ವಂಶದಿಂದ ಬಂದ ರೆಟಿನಾ ಕಾಯಿಲೆ ಯಾವುದೆಂದು ಗೊತ್ತಾಗುತ್ತದೆ. ಜೀನ್ ಪರೀಕ್ಷೆ ಬೇಡ, ವಾಸಿಯೂ ಆಗುತ್ತದೆ' ಎಂಬ ಸಂದೇಶ ಓಡಾಡುತ್ತಿದೆ. (ರೆಟಿನಾ ಎಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ.) ಇದರಲ್ಲಿ ಕ್ಯಾಮೆರಾ ಇದೆ ಎನ್ನುವುದಷ್ಟೇ ನಿಜ.

ಅದು ಹೊಸದೂ ಅಲ್ಲ. ಅಡಾಪ್ಟಿವ್ ಆಪ್ಟಿಕ್ಸ್ ಎಂಬ ಈ ತಂತ್ರ ಬಂದದ್ದು ನಕ್ಷತ್ರ ನೋಡುವ ದೂರದರ್ಶಕಗಳಿಂದ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 1997ರಲ್ಲೇ ಇದನ್ನು ಕಣ್ಣಿಗೆ ಬಳಸಿ ತೋರಿಸಿದ್ದರು. ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ), ಲೆನ್ಸ್‌ಗಳಲ್ಲಿರುವ ಸಣ್ಣ ಓರೆಕೋರೆಗಳಿಂದ ಚಿತ್ರ ಮಸುಕಾಗುತ್ತದೆ ಅಲ್ವಾ? ಆಕಾರ ಬದಲಿಸುವ ಪುಟ್ಟ ಕನ್ನಡಿಯೊಂದು ಅದನ್ನು ಕ್ಷಣಕ್ಷಣಕ್ಕೂ ಸರಿಪಡಿಸುತ್ತದೆ. ಆಗ ರೆಟಿನಾದಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳು ಒಂದೊಂದಾಗಿ ಕಾಣುತ್ತವೆ. ಕಪ್ಪು ಹಿನ್ನೆಲೆಯಲ್ಲಿ ರಾಗಿ ಚೆಲ್ಲಿದ ಹಾಗೆ, ಒತ್ತೊತ್ತಾದ ಬಿಳಿ ಚುಕ್ಕೆಗಳು.

ಚುಕ್ಕೆ ಇಲ್ಲದ ಜಾಗದಲ್ಲಿ ಕೋಶ ಸತ್ತಿದೆ ಎಂದು ಸುಮ್ನೆ ತೀರ್ಮಾನಿಸುವ ಹಾಗೂ ಇಲ್ಲ. ಬೆಳಕನ್ನು ಸರಿಯಾಗಿ ಹಿಂತಿರುಗಿಸದ ಕೋಶವೂ ಅಲ್ಲಿ ಉಳಿದಿರಬಹುದು.

ಇನ್ನು ಜೀನ್ ವಿಷಯ. ದೃಷ್ಟಿಯನ್ನು ನಿಧಾನವಾಗಿ ಕುಗ್ಗಿಸುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ವಂಶದ ಕಾಯಿಲೆ ಒಂದಕ್ಕೇ ಹತ್ತಾರು ಜೀನ್‌ಗಳು ಕಾರಣ. ಯಾವುದು ಕೆಟ್ಟಿದೆ ಎಂದು ಫೋಟೋ ಹೇಳುವುದಿಲ್ಲ. ಅದಕ್ಕೆ ರಕ್ತ ಅಥವಾ ಎಂಜಲಿನ ಪರೀಕ್ಷೆಯೇ ಬೇಕು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆ, ಆರ್‌ಪಿಇ65 ಎಂಬ ಜೀನ್‌ನ ಎರಡೂ ಪ್ರತಿಗಳು ಕೆಟ್ಟಿರುವ ರೋಗಿಗಳಿಗೆ ಮಾತ್ರ. ಅದೂ ರೆಟಿನಾದಲ್ಲಿ ಸಾಕಷ್ಟು ಕೋಶಗಳು ಜೀವಂತವಾಗಿದ್ದರೆ. ಚಿತ್ರಗಳು ಜಾಸ್ತಿ ನೆರವಾಗುವುದು ಇಲ್ಲೇ: ಎಷ್ಟು ಉಳಿದಿದೆ, ವರ್ಷದಿಂದ ವರ್ಷಕ್ಕೆ ಎಷ್ಟು ಕಳೆಯುತ್ತಿದೆ ಎಂದು ನೋಡಲು.

ಅಂದಹಾಗೆ, ಪೊರೆ ಬಂದ ಅಥವಾ ಒಂದೇ ಸಮನೆ ಅಲುಗಾಡುವ ಕಣ್ಣಿನಲ್ಲಿ ಈ ಚಿತ್ರ ಚೆನ್ನಾಗಿ ಬರುವುದೇ ಕಷ್ಟ.